ಬಾನೆಟ್ ಎತ್ತದ ಎರಡು ವರ್ಷ

“ಆಫ್ ಮಾಡಿ ಮೇಡಂ. ಮೊದಲು ಎಂಜಿನ್ ಆಫ್ ಮಾಡಿ.”

ಆ ದನಿ ಯಾರದೆಂದು ತಿಳಿದ ಮೇಲೂ ಅವಳು ನಿಧಾನವಾಗಿಯೇ ಕೀ ತಿರುಗಿಸಿದಳು. ಕಾರಿನ ಹಿಂದೆ ಬೆಳ್ಳನೆಯ ಹೊಗೆ ಅರ್ಧ ರಸ್ತೆಯನ್ನು ಮುಚ್ಚಿತ್ತು. ಅದರೊಳಗಿಂದ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಬಂದ ಮೆಕ್ಯಾನಿಕ್ ಅವನೇ. ಎರಡು ವರ್ಷದ ಹಿಂದೆ ಅವಳ ಮಾತು ಮುಗಿಯುವ ಮುಂಚೆ ಎದ್ದು ಹೋದವನು.

ಅವನಿಗೂ ಗುರುತು ಸಿಕ್ಕಿತು. ಕೈ ಒರೆಸುವುದು ನಿಂತಿತು.

“ಈ ತಿರುವಿನಲ್ಲಿ ಒಂದು ಗ್ಯಾರೇಜ್ ಇದೆ ಅಂದ್ರು. ನಿಮ್ಮದು ಅಂತ ಗೊತ್ತಿರಲಿಲ್ಲ,” ಎಂದಳು.

“ಹೊಸದು. ಹೋದ ವರ್ಷ ಹಾಕ್ದೆ.”

ಎದೆ ಡವಗುಟ್ಟಬೇಕಿತ್ತು. ಡವಗುಟ್ಟಲಿಲ್ಲ. ಅವಳ ಎದೆ ರಜೆ ಹಾಕಿ ಎರಡು ವರ್ಷವಾಗಿತ್ತು ಅನ್ನಿ. ಬೆಳಗ್ಗೆ ಕನ್ನಡಕದ ಅಂಗಡಿಗೆ ಹೋಗುವುದು, ಬಂದವರ ಕಣ್ಣು ಪರೀಕ್ಷಿಸುವುದು, ‘ಕೆಳಗಿನ ಸಾಲು ಓದಿ’ ಎನ್ನುವುದು, ಮನೆಗೆ ಬಂದು ಮಲಗುವುದು. ಯಾರು ಏನು ಕೇಳಿದರೂ ಹೂಂ. ಬೇರೆ ಊರಿನ ಅಂಗಡಿಗೆ ವರ್ಗ ಮಾಡುತ್ತೇವೆ ಎಂದಾಗಲೂ ಹೂಂ.

“ಹೊಗೆ ನಿಂತರೆ ಸಾಕು. ಭಾನುವಾರ ಕಾರು ಕೊಳ್ಳೋರು ಬರ್ತಾರೆ. ಸೋಮವಾರ ನಾನು ಊರು ಬಿಡ್ತೀನಿ.”

ಅವನು ಹಿಂದೆ ಹೋಗಿ ಹೊಗೆ ಮೂಸಿದ.

“ಸಿಹಿ ವಾಸನೆ. ಚಳಿಗೆ ಬೆಳಗ್ಗೆ ಬರೋ ಹಬೆ ಆಗಿದ್ರೆ ಐದು ನಿಮಿಷಕ್ಕೆ ಹೋಗ್ತಿತ್ತು. ಇದು ಎಂಜಿನ್ ತಣ್ಣಗಿಡೋ ನೀರು, ಕೂಲೆಂಟ್, ಉರೀತಿರೋದು.”

ಅವನ ಅಡ್ಡಹೆಸರು ಮೇಷ್ಟ್ರು. ಗಾಡಿ ತಂದವರಿಗೆಲ್ಲ ಪಾಠ ಮಾಡದೆ ಬಿಡುತ್ತಿರಲಿಲ್ಲ. ಪ್ರತಿ ಭಾನುವಾರ ಬಾನೆಟ್ ಎತ್ತಿ ಕೂಲೆಂಟ್ ಬಾಟಲಿ ನೋಡಬೇಕೆಂದು ಅವಳಿಗೆ ಕಲಿಸಿದವನೂ ಅವನೇ. ಒಂದು ಕಾಲದಲ್ಲಿ ಅವಳು ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ.

ಅವನು ಬಾನೆಟ್ ಎತ್ತಿದ. ಬಗ್ಗಿದವನು ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ಕೇಳಿದ ದನಿ ಬೇರೆಯೇ ಆಗಿತ್ತು.

“ಕೂಲೆಂಟ್ ಕೊನೇ ಸಲ ನೋಡಿದ್ದು ಯಾವಾಗ?”

“ನೋಡಿಲ್ಲ.”

“ಎರಡು ವರ್ಷದಿಂದ? ಸರ್ವೀಸಿಗೂ ಬಿಟ್ಟಿಲ್ವಾ?”

“ಮನೆ, ಅಂಗಡಿ, ಅಷ್ಟೇ ಓಡೋದು. ಬಿಟ್ಟಿಲ್ಲ.”

“ನಾನು ಹೇಳಿಕೊಟ್ಟಿದ್ದೆ.”

“ನೀವು ಹೇಳಿಕೊಟ್ಟಿದ್ದಕ್ಕೇ ನೋಡಲಿಲ್ಲ.”

ಅವನು ಬಾಟಲಿಯ ಮುಚ್ಚಳ ಮುಟ್ಟಿದ. ಬೆರಳಿನ ಗುರುತು ಬೀಳುವಷ್ಟು ಧೂಳು. ಒಳಗೆ ಒಂದು ಹನಿಯೂ ಇರಲಿಲ್ಲ. ಆಯಿಲ್ ಮುಚ್ಚಳ ತೆರೆದರೆ ಅಡಿಯಲ್ಲಿ ಹಾಲು ಜಾಸ್ತಿಯಾದ ಕಾಫಿಯಂಥ ಜಿಡ್ಡು.

“ಹೆಡ್ ಗ್ಯಾಸ್ಕೆಟ್ ಹೋಗಿದೆ. ಎಂಜಿನ್ನಲ್ಲಿ ನೀರು, ಬೆಂಕಿ ಎರಡೂ ಪಕ್ಕಪಕ್ಕದಲ್ಲೇ ಇರತ್ತೆ. ನಡುವೆ ಇರೋದು ಒಂದು ತೆಳು ಹಾಳೆ. ಬಾಟಲಿ ಬತ್ತಿ ಎಂಜಿನ್ ಕಾದು ಅದು ಸುಟ್ಟಿದೆ. ಈಗ ನೀರು ಬೆಂಕಿಗೆ ಬೀಳ್ತಿದೆ, ಹೊಗೆ ಬರ್ತಿದೆ. ಎಂಜಿನ್ ಮೇಲಿನ ಹೆಡ್ ಬಿಚ್ಚಿ, ಲೇತ್‌ನಲ್ಲಿ ಮಟ್ಟ ಮಾಡಿಸ್ಬೇಕು. ಮೂರು ದಿನ.”

“ಹೂಂ,” ಎಂದಳು.

ಮನೆಗೆ ನಡೆದೇ ಹೋದಳು. ದಾರಿಯುದ್ದಕ್ಕೂ ಅಳು ಬರಬಹುದೇ ಎಂದು ಕಾದಳು. ಬರಲಿಲ್ಲ. ಆ ಕೊನೆಯ ದಿನ ಮಾತ್ರ ನೆನಪಾಯಿತು. ‘ಮೆಕ್ಯಾನಿಕ್ ಅಳಿಯ ಬೇಡ ಅಂದ್ರು ಅಮ್ಮ, ಆದ್ರೆ...’ ಎಂದಿದ್ದಳು. ‘ಆದ್ರೆ’ ಮುಂದಕ್ಕೆ ಹೋಗುವಷ್ಟರಲ್ಲಿ ಅವನು ಎದ್ದಿದ್ದ. ಅವತ್ತೇ ಅವಳು ಅವನ ನಂಬರ್ ಬ್ಲಾಕ್ ಮಾಡಿದ್ದಳು. ವಾರದ ಮೇಲೆ ಕಾರನ್ನು ಅವನ ಹತ್ತಿರ ಸರ್ವೀಸಿಗೆ ಒಯ್ದದ್ದು ಅಣ್ಣ. ಅದೇ ಕೊನೆ.

ಶನಿವಾರ ಮಧ್ಯಾಹ್ನ ಹೋದಾಗ ಕಾರು ಗ್ಯಾರೇಜಿನ ಮುಂದೆ ತೊಳೆದು ನಿಂತಿತ್ತು. ಅವನು ಸ್ಟಾರ್ಟ್ ಮಾಡಿದ. ಎಂಜಿನ್ ಕಾಯುವವರೆಗೂ ಇಬ್ಬರೂ ಸೈಲೆನ್ಸರ್ ಕಡೆಯೇ ನೋಡುತ್ತ ನಿಂತರು. ಹೊಗೆ ಬರಲಿಲ್ಲ.

“ಆಯ್ತಲ್ಲ. ಹೊರಡ್ತೀನಿ.”

“ಬಾನೆಟ್ ಎತ್ತಿ ಒಂದು ಸಲ ಲೆವೆಲ್ ನೋಡಿ.”

“ನೀವೇ ನೋಡಿರ್ತೀರಲ್ಲ.”

“ನೀವು ನೋಡ್ಬೇಕು. ಇದೊಂದೇ ಸಲ.”

ಅವಳು ಬಾನೆಟ್ ಎತ್ತಿದಳು. ಬಾಟಲಿ ತುಂಬಿತ್ತು. ಮುಚ್ಚಳದ ಕೆಳಗೆ ಒಂದು ಟೇಪಿನ ಚೂರು ಅಂಟಿತ್ತು. ಹಳದಿಗಟ್ಟಿದ ಹಳೆಯ ಟೇಪು, ಮೇಲಿನ ಧೂಳನ್ನು ಮಾತ್ರ ಯಾರೋ ಈಗ ಒರೆಸಿದ್ದರು. ಸರ್ವೀಸ್ ಮಾಡಿದ ಪ್ರತಿ ಗಾಡಿಗೂ ತಾರೀಖು ಬರೆದು ಟೇಪು ಅಂಟಿಸುವುದು ಅವನ ರೂಢಿ. ಇದರಲ್ಲಿ ಎರಡು ವರ್ಷದ ಹಿಂದಿನ ತಾರೀಖು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಸಾಲು.

‘ನಿನ್ನ ಮಾತು ಪೂರ್ತಿ ಕೇಳದೆ ಎದ್ದು ಬಂದೆ. ತಪ್ಪು ನನ್ನದು. ಸಿಟ್ಟು ಇಳಿದ ದಿನ ಬಾ, ಕಾಯ್ತೀನಿ.’

“ಭಾನುವಾರ ನೋಡೇ ನೋಡ್ತೀಯ ಅಂತ ಅಲ್ಲಿ ಬರೆದೆ,” ಎಂದ ಅವನು. “ನೀನು ಬರಲಿಲ್ಲ. ಓದಿಯೂ ನಾನು ಬೇಡ ಅಂತ ಸುಮ್ಮನಾಗಿದೀಯ ಅಂತ ತಿಳ್ಕೊಂಡೆ. ಮೊನ್ನೆ ಮುಚ್ಚಳದ ಧೂಳು ನೋಡಿದಾಗ ಗೊತ್ತಾಯ್ತು, ನೀನು ಓದೇ ಇಲ್ಲ... ಊರವರ ಕಣ್ಣೆಲ್ಲ ನೋಡೋಳು, ಇಲ್ಲಿ ಒಂದು ಸಲ ಇಣುಕಬಾರದಿತ್ತಾ?”

ಅವಳು ಮತ್ತೆ ಓದಹೋದಳು. ಕೊನೆಯ ಸಾಲು ಕಾಣಲಿಲ್ಲ. ಕಣ್ಣು ಮಂಜಾಗಿತ್ತು. ಒರೆಸಿಕೊಂಡ ಮೇಲೆ ಬೆರಳು ಒದ್ದೆಯಾದದ್ದನ್ನು ಅವಳೇ ಆಶ್ಚರ್ಯದಿಂದ ನೋಡಿಕೊಂಡಳು. ನೋವಾಯಿತು. ಎರಡು ವರ್ಷದಲ್ಲಿ ಮೊದಲ ಸಲ, ಚೆನ್ನಾಗಿ ನೋವಾಯಿತು.

“ಆದ್ರೆ...” ಎಂದಳು.

ಅವನಿಗೆ ತಕ್ಷಣ ತಿಳಿಯಿತು. ಪಕ್ಕದಲ್ಲಿದ್ದ ಹಳೆ ಟೈರಿನ ಮೇಲೆ ಗಟ್ಟಿಯಾಗಿ ಕೂತ.

“ಹೇಳು. ಈ ಸಲ ಏಳಲ್ಲ.”

“ಆದ್ರೆ ನಾನು ಅಮ್ಮನ್ನ ಒಪ್ಪಿಸಿ ಬಂದಿದೀನಿ. ಅಷ್ಟೇ ಹೇಳೋಕೆ ಬಂದಿದ್ದು ಅವತ್ತು.”

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಗ್ರೀಸ್ ಹಣೆಗೆಲ್ಲ ಮೆತ್ತಿತು.

“ಆ ಒಪ್ಪಿಗೆ ಈಗಲೂ ಇದೆಯಾ?”

“ಅಮ್ಮನದಾ, ನನ್ನದಾ?”

“ನಿನ್ನದು.”

ಅವಳು ಬಾನೆಟ್ ಇಳಿಸಿದಳು. ಟೇಪನ್ನು ಕೀಳಲಿಲ್ಲ.

“ನಾಳೆ ಕಾರು ಕೊಳ್ಳೋರು ಬರ್ತಾರೆ ಮೇಷ್ಟ್ರೇ. ನಮ್ಮನೆಗೆ ಬಂದು, ಕಾರು ಮಾರೋದಿಲ್ಲ, ಇವಳು ಊರೂ ಬಿಡೋದಿಲ್ಲ ಅಂತ ನೀವೇ ಹೇಳಿ.”

“ನೀವೇ?”

“ನೀನೇ ಹೇಳು,” ಎಂದಳು.