ಡಾವಾ, ಬಲಾ

ಪರಾಗ ಏನು ಕೇಳಿದನೋ ಶ್ರೀಲೇಖಾಗೆ ಗೊತ್ತಿರಲಿಲ್ಲ. ತಾನು ಹೂಂ ಎಂದು ತಲೆಯಾಡಿಸಿದ್ದು ಮಾತ್ರ ಗೊತ್ತಿತ್ತು.

ಅವನ ಜೀಪು ಅಂಗಡಿ ಬಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ. ಕೌಂಟರಿನ ಹಿಂದೆ ಕೂತು ಡೈರಿ ತೆಗೆದಳು. ‘ಹೋಗುವಾಗ ಏನೋ ಕೇಳಿದರು. ಹೂಂ ಅಂದೆ. ಯಾವುದಕ್ಕೆ ಹೂಂ ಅಂದೆನೋ ದೇವರೇ ಬಲ್ಲ.’

ಬಿ.ಎ. ಮುಗಿಸಿ ಎರಡು ವರ್ಷದಿಂದ ಅಪ್ಪ ಶಾಂತಪ್ಪನ ಆಟೋ ಇಲೆಕ್ಟ್ರಿಕಲ್ ಅಂಗಡಿಯಲ್ಲಿ ವೈರು ಜೋಡಿಸುತ್ತಿದ್ದಳು. ಗಿರಾಕಿಗಳ ಮುಖ ನೋಡಿ ಮಾತಾಡುವುದು ಇನ್ನೂ ರೂಢಿಯಾಗಿರಲಿಲ್ಲ. ಈ ಗಿರಾಕಿಯ ಮುಂದಂತೂ ನಾಲಿಗೆಯೇ ಏಳುತ್ತಿರಲಿಲ್ಲ. ಮೊದಲ ದಿನವೇ ಅವನು ನಕ್ಕಿದ್ದ: “ನಿಮ್ಮ ಅಂಗಡ್ಯಾಗ ಮಾತಿನ ಫ್ಯೂಜ್ ಹಾರೈತೇನ್ರಿ?”

ಪರಾಗ ಸೋಲಾಪುರದ ಕಚೇರಿಯೊಂದರಲ್ಲಿ ಕ್ಲಾರ್ಕ್. ಮುಂಬೈಯಿಂದ ಹಳೆಯದೊಂದು ಪುಟ್ಟ ಹಾಯಿದೋಣಿ ತಂದು, ರವಿವಾರ ಬಂತೆಂದರೆ ಟ್ರೇಲರಿಗೆ ಹೇರಿಕೊಂಡು ಅಕ್ಕಲಕೋಟೆ ಕಡೆಯ ಡ್ಯಾಮಿಗೆ ಹೋಗುವ ಹುಚ್ಚು ಅವನಿಗೆ. ದೋಣಿ ಏರಿತೆಂದರೆ ಜೀಪಿನ ಹಿಂದಿನ ದೀಪಗಳು ಕಾಣುವುದಿಲ್ಲ. ಅದಕ್ಕೇ ದೋಣಿಯ ಬಾಲಕ್ಕೆ ಕಟ್ಟಲು ಇವರ ಅಂಗಡಿಯಲ್ಲಿ ಮಾಡಿಸಿಕೊಂಡ ಒಂದು ದೀಪದ ಹಲಗೆ: ನಡುವೆ ನಂಬರ್ ಪ್ಲೇಟು, ಎರಡು ತುದಿಗೆ ಬ್ರೇಕ್ ದೀಪ, ಇಂಡಿಕೇಟರು. ಜೀಪಿನಿಂದ ಬರುವ ಕೇಬಲ್ಲಿನ ಎರಡು ಇಂಡಿಕೇಟರ್ ವೈರಿಗೆ ಅವನೇ ಟೇಪು ಸುತ್ತಿ ‘DA’, ‘BA’ ಎಂದು ಬರೆದುಕೊಟ್ಟಿದ್ದ.

ಮರಾಠಿಯಾಗಿದ್ದರೆ DA ಅಂದರೆ ಡಾವಾ, ಎಡ. ಆದರೆ ಅದರ ಜೋಡಿ, ಬಲಕ್ಕೆ ಉಜವಾ ಎನ್ನಲು U ಇರಬೇಕಿತ್ತು. BA ಇದೆಯೆಂದರೆ ಹಿಂದಿಯೇ ಸರಿ: ದಾಯಾ ಬಲಕ್ಕೆ, ಬಾಯಾ ಎಡಕ್ಕೆ. ಕೇಳಿದ್ದರೆ ಒಂದು ಮಾತಿನ ಕೆಲಸ. ಕೇಳದೆ, ಹಿಂದಿಯೆಂದೇ ಹಿಡಿದು ಜೋಡಿಸಿದ್ದಳು. ಬ್ಯಾಟರಿಗೆ ಹಚ್ಚಿ ನೋಡಿದಾಗ ಎರಡೂ ಚೆಂದವಾಗಿ ಮಿನುಗಿದ್ದವು.

ಪೆನ್ನು ತಟ್ಟನೆ ನಿಂತಿತು. ಅವನ ದನಿ ಈಗ ಕಿವಿಗೆ ಬಂತು. “ಡಾವಾ, ಬಲಾ ಎಲ್ಲಾ ಬರೋಬ್ಬರಿ ಐತೆಲ್ರಿ?”

ಡಾವಾ ಮರಾಠಿ. ಬಲಾ ಕನ್ನಡ. ಊರೆಲ್ಲ ಮಾತಾಡುವ ಹಾಗೆಯೇ ಬರೆದಿದ್ದ ಪುಣ್ಯಾತ್ಮ!

ಫೋನ್ ಹಚ್ಚಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು.

“ಅಪ್ಪಾ, ಸ್ಕೂಟಿ ಕೀಲಿ ಕೊಡು.”

“ಉಣ್ಣೂ ಹೊತ್ತಿನ್ಯಾಗ ಎಲ್ಲಿಗವ್ವಾ?”

“ಅಕ್ಕಲಕೋಟಿ ರೋಡಿಗೆ. ಇಂಡಿಕೇಟರ್ ಅದಲ್‌ಬದಲ್ ಆಗ್ಯಾವ. ಅವ್ರು ಫೋನ್ ಎತ್ತವಲ್ರು.”

“ಅಂವ ಒಬ್ಬ ಡಾಂಬರ್ ಮ್ಯಾಲ ಹಡಗ ನಡಸಾಂವ, ನೀ ಒಬ್ಬಾಕಿ ಅದನ್ನ ಬೆನ್ನ ಹತ್ತಾಕಿ” ಎಂದು ಗೊಣಗುತ್ತ ಶಾಂತಪ್ಪ ಕೀಲಿ ಕೊಟ್ಟ. ಮಗಳ ಮುಖ ನೋಡಿ ದನಿ ತಗ್ಗಿಸಿದ. “ಸಾವಕಾಶ ಹೋಗು.”

ಸಾವಕಾಶ ಹೋಗಲು ಆಗಲಿಲ್ಲ. ರಸ್ತೆಯ ತಿರುವಿನಲ್ಲಿ ಜನ ಗುಂಪುಗೂಡಿದ್ದು ಕಂಡರೆ ಆಕ್ಸಿಲರೇಟರ್ ಇನ್ನಷ್ಟು ತಿರುವುತ್ತಿದ್ದಳು. ಹತ್ತಿರ ಹೋದರೆ ಬಸ್ಸಿಗೆ ಕಾಯುವವರು. ವಳಸಂಗ ದಾಟಿದ ಮೇಲೆ, ದೂರದಲ್ಲಿ ಬಿಳಿಯ ದೋಣಿಯ ಹಿಂಭಾಗ ಕಾಣಿಸಿತು. ಅದರ ಬಾಲಕ್ಕೆ ಅವಳ ಹಲಗೆ.

ಡ್ಯಾಮಿನ ದಾರಿ ಎಡಕ್ಕೆ. ಹಲಗೆಯ ಬಲಗಡೆ ದೀಪ ಮಿನುಗತೊಡಗಿತು.

ಬೆನ್ನ ಹಿಂದೆ ಲಾರಿಯ ಹಾರ್ನು. ದೋಣಿ ಬಲಕ್ಕೆ ತಿರುಗುತ್ತದೆಂದು ನಂಬಿ, ಅದನ್ನು ಎಡದಿಂದ ದಾಟೋಣವೆಂದು ಲಾರಿ ಎಡಕ್ಕೇ ಹೊರಳಿತ್ತು. ಶ್ರೀಲೇಖಾ ಸ್ಕೂಟಿಯನ್ನು ಅದರ ಮುಂದೆಯೇ ತಂದು, ಒಂದು ಕೈ ಮೇಲೆತ್ತಿ, ಇನ್ನೊಂದರಿಂದ ಹಾರ್ನು ಅದುಮಿ ಹಿಡಿದಳು. ಕಿರ್ರೆಂದು ಬ್ರೇಕು. ದೋಣಿ ತನ್ನ ಪಾಡಿಗೆ ಎಡಕ್ಕೆ ತಿರುಗಿತು.

“ಏ ಬಾಯಿ, ಸಾಯಾಕ ನನ್ನ ಲಾರಿನs ಬೇಕಾಗಿತ್ತೇನ?” ಎಂದು ಒದರಿ ಡ್ರೈವರ್ ಮುಂದೆ ಹೋದ.

ಸದ್ದು ಕೇಳಿ ಜೀಪು ನಿಂತಿತು. ಪರಾಗ ಇಳಿದು ಓಡಿಬಂದ. “ಶ್ರೀಲೇಖಾ ಅವ್ರs? ನೀವು ಇಲ್ಲಿ?”

“ಇಂಡಿಕೇಟರ್ ಉಲ್ಟಾ ಹತ್ತಾಕತ್ತಾವ್ರಿ” ಎಂದಳು. DA, BA ಕತೆಯನ್ನು ನೆಲ ನೋಡುತ್ತಲೇ ಹೇಳಿ ಮುಗಿಸಿದಳು.

ಪರಾಗ ನಗಲು ಹೊರಟವನು, ಡಾಂಬರಿನ ಮೇಲೆ ಲಾರಿ ಎಳೆದ ಕಪ್ಪು ಗೆರೆ ಕಂಡು ಕೈ ಜೋಡಿಸಿದ. “ನಂದs ತಪ್ಪ ಬಿಡ್ರಿ. ಅರ್ಧಾ ಮರಾಠಿ ಅರ್ಧಾ ಕನ್ನಡ ಬರದ್ರ ಯಾರಿಗರೆ ಹ್ಯಾಂಗ ತಿಳೀಬೇಕು?”

ಅವನು ಹಲಗೆ ಹಿಡಿದ. ಅವಳು ಸ್ಕ್ರೂ ಸಡಿಲಿಸಿ ವೈರು ಬದಲಿಸಿದಳು.

“ಹೋಗುಮುಂದ ನಾ ಕೇಳಿದ್ನೆಲ್ರಿ” ಎಂದ ಮೆಲ್ಲಗೆ. “ಜೀಪಿನ ಸಪ್ಪಳದಾಗ ನಿಮಗ ಕೇಳಿಸಿರಾಕಿಲ್ಲ.”

ಹೌದೆಂದರೆ ಸಾಕಿತ್ತು. ತಪ್ಪು ಜೀಪಿನದಾಗುತ್ತಿತ್ತು, ಅವಳು ಮನೆಗೆ ಹೋಗಬಹುದಿತ್ತು. ಶ್ರೀಲೇಖಾ ಸ್ಕ್ರೂ ಡ್ರೈವರ್ ಕೆಳಗಿಟ್ಟು ತಲೆ ಎತ್ತಿದಳು.

“ಸಪ್ಪಳಕ್ಕಲ್ರಿ. ನಾ ನಿಮ್ಮ ಮಾತ ಕೇಳಾಕತ್ತಿರಲಿಲ್ಲ. ನಿಮ್ಮನ್ನ ನೋಡಾಕತ್ತಿದ್ದೆ.”