ಸದ್ದಿಲ್ಲದ ಶನಿವಾರ

ಮಕ್ಕಳಿಲ್ಲದ ದೊಡ್ಡಪ್ಪ ತೀರಿಕೊಂಡ ಮೇಲೆ ಬಾಂದ್ರಾದ ಹೋಟೆಲು ಒಬ್ಬ ತಮ್ಮನ ಮಗ ಹಿತೇಶನಿಗೆ ಹೋಯಿತು. ಹಳೆಯ ಟರ್ಬೊ ಕಾರು ಇನ್ನೊಬ್ಬ ತಮ್ಮನ ಮಗ ಪ್ರಶಾಂತನಿಗೆ ಬಂತು. ಹಿತೇಶ ಆ ಹೋಟೆಲಿನಲ್ಲಿ ಪಾತ್ರೆ ತೊಳೆದು ಮೇಲೆ ಬಂದವನು. ಪ್ರಶಾಂತ ಅಲ್ಲಿ ದಿನವೂ ಪುಕ್ಕಟೆ ತಿಂಡಿ ತಿಂದು ಬೆಳೆದವನು. ಅದೂ ಒಂದು ಸೇವೆಯೇ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ಆದ್ದರಿಂದ ಮೋಹಿನಿ ದೊಡ್ಡಮ್ಮನ ಬಂಗಾರದ ಸೊಂಟಪಟ್ಟಿ ಕದಿಯುವುದು ಅವನ ಮಟ್ಟಿಗೆ ಕಳ್ಳತನವಲ್ಲ, ತಿದ್ದುಪಡಿ.

ಉಪಾಯ ಹೊಳೆದದ್ದು ಕಾರಿನ ದೋಷದಿಂದಲೇ. ಟರ್ಬೊದಿಂದ ಹೊಗೆಯನ್ನು ಕೆಳಗಿಳಿಸುವ ಡೌನ್‌ಪೈಪ್ ಸೀಳಿಹೋಗಿ ತಿಂಗಳುಗಳಾಗಿದ್ದವು. ಪವಾಯಿಯ ದೊಡ್ಡಮ್ಮನ ಬಿಲ್ಡಿಂಗಿಗೆ ಅವನು ಬಂದರೆ ಕಾರಿನ ಸದ್ದಿಗೆ ಕಿಟಕಿಯ ಗಾಜುಗಳು ನಡುಗುತ್ತಿದ್ದವು. ದೊಡ್ಡಮ್ಮನ ಮುಖ ನೋಡಿ ಯಾರೂ ದೂರುತ್ತಿರಲಿಲ್ಲ. ದೊಡ್ಡಮ್ಮನಂತೂ ಆ ಸದ್ದು ಕೇಳಿದೊಡನೆ ಚಹಾಕ್ಕೆ ನೀರಿಡುತ್ತಿದ್ದರು. ಈ ದಾಕ್ಷಿಣ್ಯಗಳನ್ನೆಲ್ಲ ಪ್ರಶಾಂತ ಸಾಕ್ಷಿಗಳೆಂದು ಎಣಿಸಿಕೊಂಡ. ಸದ್ದು ಕೇಳಿಸದಿದ್ದರೆ ಪ್ರಶಾಂತ ಬಂದಿಲ್ಲವೆಂದು ಇಡೀ ಬಿಲ್ಡಿಂಗ್ ಆಣೆಯಿಟ್ಟು ಹೇಳುತ್ತದೆ. ನಡೆದು ಬಂದರೆ ಗೇಟಿನಿಂದ ಮೆಟ್ಟಿಲವರೆಗೆ ಎದುರಾದವರೆಲ್ಲ ಮಾತಾಡಿಸುತ್ತಾರೆ; ಸದ್ದಿಲ್ಲದ ಕಾರನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ.

ಮನೆಯ ಬೀಗದಕೈಯನ್ನು ದೊಡ್ಡಮ್ಮ ಇಬ್ಬರಿಗೂ ಕೊಟ್ಟಿದ್ದರು. ಪ್ರತಿ ಶನಿವಾರ ಸಂಜೆ ಅವರು ಆಂಟಾಪ್ ಹಿಲ್‌ಗೆ ಭಜನೆಗೆ ಹೋದಾಗ ಹಿತೇಶ ಸ್ಕೂಟರಿನಲ್ಲಿ ಬಂದು ಊಟದ ಡಬ್ಬಿ ಇಟ್ಟುಹೋಗುತ್ತಿದ್ದ. ಬೀಗ ಒಡೆದಿಲ್ಲ, ಹಿತೇಶ ಬಂದಿದ್ದ, ಪ್ರಶಾಂತ ಬಂದಿಲ್ಲ. ಪೊಲೀಸರಿಗೆ ಇಷ್ಟು ಕೂಡಿಸಲು ಬಂದರೆ ಸಾಕು. ಬಿಲ್ಡಿಂಗಿನ ಸೊಸೈಟಿಯಲ್ಲಿ ಕೆಟ್ಟ ಕ್ಯಾಮೆರಾದ ರಿಪೇರಿ ಇನ್ನೂ ಚರ್ಚೆಯಲ್ಲೇ ಇತ್ತು.

ಶನಿವಾರ ಬೆಳಗ್ಗೆ ಅವನು ಕುರ್ಲಾದಲ್ಲಿ ತನ್ನನ್ನು ಯಾರೂ ಅರಿಯದ ಗ್ಯಾರೇಜಿಗೆ ಹೋದ. ಮೆಕ್ಯಾನಿಕ್ ಸುಭಾಷ ವಿಜಯಪುರದ ಕಡೆಯವನು. ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು, ಸೆನ್ಸರಿನ ತಂತಿ ಜೋಪಾನವಾಗಿ ಬಿಡಿಸಿ, ಸೀಳಿದ ಪೈಪು ಇಳಿಸಿ ಹೊಸದನ್ನು ಕೂರಿಸಿದ. ಕಾರು ಚಾಲೂ ಆದದ್ದೇ ತಿಳಿಯಲಿಲ್ಲ. ನಾಳೆ ಬಂದು ಹಳೆಯದನ್ನೇ ಮತ್ತೆ ಹಾಕಿಸುತ್ತೇನೆ ಎಂದಾಗ ಸುಭಾಷ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದ.

"ಸಾಹೇಬ್ರ, ಹೊಸಾ ಹಲ್ಲ ಕಿತ್ತು ಹುಳಕ ಹಲ್ಲ ಕೂಡ್ರಸೂದು ನಾ ಎಲ್ಲೂ ನೋಡಿಲ್ರಿ."

"ದೊಡ್ಡಪ್ಪನ ನೆನಪು," ಎಂದ ಪ್ರಶಾಂತ.

ಸುಭಾಷನ ಮನಸ್ಸು ಕರಗಿತು. ಅವನಿಗೊಂದು ಚಹಾ ತರಿಸಿಕೊಟ್ಟ.

ಸಂಜೆ ಹಿತೇಶನ ಸ್ಕೂಟರ್ ಹೋದ ಬಳಿಕ ಕಾರು ಸದ್ದಿಲ್ಲದೆ ಒಳಬಂದು ಮೆಟ್ಟಿಲ ಪಕ್ಕ ನಿಂತಿತು. ಹಿಂದುಗಡೆ ನೀರಿನ ಪಂಪಿನ ಬಳಿ ಇದ್ದ ವಾಚ್‌ಮನ್ ಇಣುಕಲೂ ಇಲ್ಲ. ಪ್ರಶಾಂತ ಕಪಾಟು ತೆರೆದು ಸೊಂಟಪಟ್ಟಿ ತೆಗೆದುಕೊಂಡ, ಡಬ್ಬಿಯಿಂದ ಒಂದು ಗೋಳಿಬಜೆ ತಿಂದ, ಹೊರಟ.

ಭಾನುವಾರ ಹಳೆಯ ಪೈಪು ಹಾಕಿಸಿಕೊಂಡು, ಗಾಜುಗಳನ್ನೆಲ್ಲ ನಡುಗಿಸುತ್ತ, ದೊಡ್ಡಮ್ಮನಿಗೆ ಧೈರ್ಯ ಹೇಳಲು ಬಂದ. ಒಳಗೆ ಇನ್ಸ್‌ಪೆಕ್ಟರ್ ಕೂತಿದ್ದರು, ಹಿತೇಶ ಬೆವರುತ್ತಿದ್ದ. ಎಲ್ಲವೂ ಅಂದುಕೊಂಡಂತೆಯೇ ಇತ್ತು. ಆಗ ಎದುರುಮನೆಯ ದಾನೇಶ್ವರಿ ಅಳುವ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಕೂಸು ಹುಟ್ಟಿದಂದಿನಿಂದ ಅವಳು ಸಂಜೆಯಾದರೆ ಬಾಲ್ಕನಿಯಲ್ಲಿ ನಿಂತು, ಅವನ ಕಾರು ತಿರುವಿನಲ್ಲಿ ಕಂಡೊಡನೆ ಕೂಸಿನ ಕಿವಿ ಮುಚ್ಚುತ್ತಿದ್ದಳು. ಸದ್ದಿಗೆ ಹೆದರುವವರು ಸದ್ದು ಬರುವ ಮೊದಲೇ ಕಣ್ಣಿಟ್ಟು ಕಾಯುತ್ತಾರೆ ಎಂಬುದು ಪ್ರಶಾಂತನಿಗೆ ಹೊಳೆದೇ ಇರಲಿಲ್ಲ. "ಅಣ್ಣಾರ, ನಿನ್ನಿ ಸಂಜಿಮುಂದ ನಿಮ್ಮ ಗಾಡಿ ಸಪ್ಪಳಾನ ಇಲ್ಲದ ಬಂತಲ್ರಿ, ಕೂಸಿನ ಕಿವಿ ಮುಚ್ಚಿದ್ದ ಸುಳ್ಳಾತು. ಇವತ್ಯಾಕ ಮತ್ತ ಹಿಂಗ?" ಎಂದಳು. ಇನ್ಸ್‌ಪೆಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ದೊಡ್ಡಮ್ಮ ಚಹಾದ ಲೋಟ ಕೆಳಗಿಟ್ಟು, ಒಂದು ಮಾತನ್ನೂ ಬಿಡದೆ, ಅದನ್ನು ಮರಾಠಿಯಲ್ಲಿ ಹೇಳಿದರು.