ಕೀಲುಚೀಲದ ಬಣ್ಣ

ಕೀಲುಚೀಲದ ದೀಪ ಹಸಿರಾಗಿ ಹೊತ್ತಿಕೊಂಡಾಗ ಬಿಂದುಶ್ರೀಗೆ ಹೋದ ಜೀವ ಬಂದಂತಾಯಿತು. ಖೋಖೋ ಸೆಮಿಫೈನಲ್‌ನಲ್ಲಿ ಕಂಬ ಹಿಡಿದು ತಿರುಗುವಾಗ ಅವಳ ಬಲಪಾದ ಒಳಕ್ಕೆ ಮಡಚಿ ‘ಟಪ್’ ಎಂದು ಸದ್ದಾಗಿತ್ತು. ಕಾಲಗಿಣ್ಣು ಊದಿ ನೀಲಿಗಟ್ಟಿತ್ತು. ಕಾಲೂರಿದರೆ ಕಣ್ಣು ಕತ್ತಲಿಡುತ್ತಿತ್ತು.

ಕಾಲಿಗೆ ಅಂಟಿಕೊಳ್ಳುವ ಆ ಚೀಲ ಕಿವಿಗೆ ಕೇಳದ ಧ್ವನಿತರಂಗಗಳಿಂದ ಕೀಲಿನ ಒಳಗನ್ನು ನೋಡುತ್ತಿತ್ತು. ಮೂಳೆಗೆ ಮೂಳೆಯನ್ನು ಬಿಗಿದಿಡುವ ಅಸ್ಥಿರಜ್ಜುವಿನ ಎಳೆಗಳು ಬರೀ ಹಿಗ್ಗಿದ್ದರೆ ಹಸಿರು, ಅಷ್ಟಿಷ್ಟು ಹರಿದಿದ್ದರೆ ಹಳದಿ, ಪೂರಾ ಕಿತ್ತಿದ್ದರೆ ಕೆಂಪು. ಅದು ಬಂದ ಮೇಲೆ ‘ನೋವೆಷ್ಟಿದೆ’ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

“ಬರೀ ಉಳುಕು ಕಣಮ್ಮ,” ಎಂದರು ತರಬೇತುದಾರರಾದ ಶಿವಮಾದಮ್ಮ. ಬಿಂದುಶ್ರೀ ಹನ್ನೊಂದು ವರ್ಷದವಳಾಗಿದ್ದಾಗಿನಿಂದ ಹಾಸ್ಟೆಲಿನಲ್ಲಿ ಅವಳ ತಲೆ ಬಾಚಿ, ಜ್ವರ ಬಂದರೆ ಗಂಜಿ ಕುಡಿಸಿದವರು. “ನಾಳೆ ಫೈನಲ್ ಆಡ್ತೀಯಾ?”

“ಆಡ್ತೀನಿ ಮೇಡಂ.”

ಫೈನಲ್ ಗೆದ್ದರು. ಬಿಂದುಶ್ರೀಯನ್ನು ಮೈದಾನದಿಂದ ಹೊತ್ತು ತರಬೇಕಾಯಿತು.

ಎರಡು ಶಸ್ತ್ರಚಿಕಿತ್ಸೆಯಾದರೂ ಕೀಲು ಸಡಿಲವಾಗಿಯೇ ಉಳಿಯಿತು. ಚೀಲವನ್ನು ರೂಪಿಸಿದ್ದ ಡಾ. ವಾಸಂತಿ ಪ್ರಭು ಅವಳನ್ನು ಕರೆಸಿ ದಾಖಲೆ ತೆರೆದರು.

“ಸೆಮಿಫೈನಲ್ ದಿನವೇ ಒಂದು ರಜ್ಜು ಪೂರ್ತಿ ಕಿತ್ತಿತ್ತು. ಯಂತ್ರ ಓದಿದ್ದು ಕೆಂಪನ್ನೇ.”

“ಮತ್ತೆ ನಂಗೆ ಹಸಿರು ತೋರಿಸ್ತಲ್ಲ?”

“ಆಟಗಾರರು ಗಾಬರಿಯಾಗಬಾರದು ಅಂತ, ಬಣ್ಣ ಬದಲಿಸೋ ಅಧಿಕಾರವನ್ನ ನಾವೇ ತರಬೇತುದಾರರಿಗೆ ಕೊಟ್ಟಿದ್ವಿ.”

ಬಿಂದುಶ್ರೀ ಹಾಸ್ಟೆಲಿಗೆ ಹೋಗಿ ಕೇಳಿದಾಗ ಶಿವಮಾದಮ್ಮ ಅಲ್ಲಗಳೆಯಲಿಲ್ಲ. “ಆಡ್ತೀನಿ ಅಂತ ನೀನೇ ಅಂದೆ.”

“ನಿಮ್ಮನ್ನ ನಂಬಿ ಅಂದೆ ಮೇಡಂ.”

ಅವರು ಮಡಚುತ್ತಿದ್ದ ಜೆರ್ಸಿಯಿಂದ ಕಣ್ಣೆತ್ತಲಿಲ್ಲ.

ಬಿಂದುಶ್ರೀ ದೂರು ಹಿಡಿದು ಎಂಟು ತಿಂಗಳು ಕ್ರೀಡಾ ಇಲಾಖೆಯ ಕಚೇರಿಗಳನ್ನು ಅಲೆದಳು. ಕೊನೆಗೆ ನಿಯಮ ಬದಲಾಯಿತು: ಚೀಲದ ಬಣ್ಣದ ಹಿಡಿತ ಇನ್ನು ಮುಂದೆ ಅದನ್ನು ತೊಟ್ಟವರ ಕೈಗೆ. ಶಿವಮಾದಮ್ಮನವರ ಜಾಗಕ್ಕೆ ಬೇರೆಯವರು ಬಂದರು. ಬಿಂದುಶ್ರೀ ಅದೇ ತಂಡದ ಆರೈಕೆಗೆ ನಿಂತಳು.

ಮರುವರ್ಷದ ಪಂದ್ಯಾವಳಿಯಲ್ಲಿ ಹದಿನೈದರ ಯಶೋಮತಿ ಬಿದ್ದೆದ್ದು ಬಂದಳು. ಚೀಲ ಹಸಿರು ತೋರಿಸುತ್ತಿತ್ತು. ಆದರೂ ಬಿಂದುಶ್ರೀ ಗಿಣ್ಣಿನ ಪಕ್ಕ ಹೆಬ್ಬೆರಳು ಒತ್ತಿದಳು. ಹುಡುಗಿಯ ಕಣ್ಣಲ್ಲಿ ನೀರು ಚಿಮ್ಮಿತು.

“ಬಣ್ಣ ನೀನೇ ಬದಲಿಸಿದ್ಯಾ?”

“ಪೆಟ್ಟಾದವ್ರೆಲ್ರೂ ಬದಲಿಸ್ಕೊಂಡಿದ್ದೀವಿ ಅಕ್ಕ. ನಿಮಗೆ ಗೊತ್ತಾದ್ರೆ ಆಡಕ್ಕೆ ಬಿಡಲ್ಲ ಅಂತ.”

 ಬಿಂದುಶ್ರೀ ಅಷ್ಟು ದಿನ ಅಲೆದದ್ದು ಇವರಿಗಾಗಿ. ಬೆಳಿಗ್ಗೆ ತಾನೇ ಒಬ್ಬೊಬ್ಬರನ್ನೂ ವಿಚಾರಿಸಿದ್ದಳು. ಎಲ್ಲರೂ ನಗುನಗುತ್ತಾ ಚೀಲ ತೋರಿಸಿದ್ದರು.

ಹನ್ನೆರಡು ಹುಡುಗಿಯರನ್ನೂ ಸಾಲಾಗಿ ಕೂರಿಸಿ ಚೀಲ ಬಿಚ್ಚಿಸಿದಳು. “ಒಬ್ಬೊಬ್ರೇ ನಡೆದು ತೋರಿಸಿ.”

ಐವರು ಕುಂಟಿದರು. ಕಣಕ್ಕೆ ಒಂಬತ್ತು ಜನ ಬೇಕಾದ ಖೋಖೋವನ್ನು ಉಳಿದ ಏಳು ಜನರಿಂದ ಆಡಲಾಗದು. ತಂಡ ಪಂದ್ಯ ಬಿಟ್ಟುಕೊಟ್ಟಿತು. ಹಿಂದಿರುಗುವಾಗ ಬಸ್ಸಿನಲ್ಲಿ ಬಿಂದುಶ್ರೀಯ ಪಕ್ಕ ಯಾರೂ ಕೂರಲಿಲ್ಲ.